ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮುಂಚೆ

ನಮ್ಮೂರಿನ ಕೆರೆ ಏರಿ ಮೇಲೆ ಕೂತರೆ ಆಚೆ ದಡದಲ್ಲಿ ಬಟ್ಟೆ ಒಗೆಯೋರು ಕಾಣುತ್ತಿದ್ದರು. ಬಟ್ಟೆ ಕಲ್ಲಿಗೆ ಬಡಿದದ್ದು ಕಣ್ಣಿಗೆ ಮೊದಲು, 'ಧಪ್' ಅನ್ನೋ ಸದ್ದು ಕಿವಿಗೆ ಆಮೇಲೆ. ಕೈ ಮತ್ತೆ ಮೇಲೆತ್ತಿದಾಗ ಹಿಂದಿನ ಏಟಿನ ಸದ್ದು ಬಂದು ಮುಟ್ಟೋದು. ಇದು ಯಾಕೆ ಹೀಗೆ ಅಂತ ಸ್ಕೂಲಲ್ಲಿ ಕೇಳಿದೆ. "ಸದ್ದು ನಡ್ಕೊಂಡು ಬರುತ್ತೆ, ಬೆಳಕು ಓಡ್ಕೊಂಡು ಬರುತ್ತೆ ಕಣೋ" ಅಂದರು ನಮ್ಮ ಮೇಷ್ಟ್ರು. ಹಾಗಾದರೆ ಬೆಳಕಿಗಿಂತ ಜೋರಾಗಿ ಓಡೋದು ಯಾವುದು ಸಾ ಅಂದೆ. ಅವರು ನಕ್ಕು "ಮನಸ್ಸು" ಅಂದರು. ಯಕ್ಷಪ್ರಶ್ನೆಯಲ್ಲಿ ಧರ್ಮರಾಯ ಗಾಳಿಗಿಂತ ವೇಗವಾದದ್ದು ಮನಸ್ಸು ಅನ್ನುತ್ತಾನಲ್ಲ, ಅದನ್ನೇ ಒಂದು ಮೆಟ್ಟಿಲು ಮೇಲೆ ಹಾಕಿ ಹೇಳಿದ್ದರು.

ಅದೇ ಪ್ರಶ್ನೆಗೆ 2011ರ ಸೆಪ್ಟೆಂಬರ್ 23ರ ಶುಕ್ರವಾರ ಸಂಜೆ ಬೇರೆಯೇ ಉತ್ತರ ಬಂತು. ನಾನಾಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಗಿತ್ತು. ನಮ್ಮ ಗಡಿಯಾರದಲ್ಲಿ ಸಂಜೆ ಏಳೂವರೆ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಿಂದ ಒಂದು ಉಪನ್ಯಾಸ ಇಂಟರ್ನೆಟ್ಟಿನಲ್ಲಿ ನೇರವಾಗಿ ಬರುತ್ತಿತ್ತು. ಡಾರಿಯೊ ಔಟಿಯೆರೊ ಅನ್ನುವ ವಿಜ್ಞಾನಿ ಒಂದಾದ ಮೇಲೆ ಒಂದು ಸ್ಲೈಡು ತೋರಿಸುತ್ತಾ ಹೋದರು. ಬಿಇಯಲ್ಲಿ ಪಾಸಾಗೋಕೆ ಎಷ್ಟು ಬೇಕೋ ಅಷ್ಟೇ ಫಿಸಿಕ್ಸ್ ಓದಿದ್ದ ನನಗೆ ಮುಕ್ಕಾಲು ಪಾಲು ಅರ್ಥ ಆಗಲಿಲ್ಲ. ಕೊನೆಯ ಸಂಖ್ಯೆ ಮಾತ್ರ ಅರ್ಥವಾಯಿತು. ನ್ಯೂಟ್ರಿನೊ ಅನ್ನೋ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮುಂಚೆ ಬಂದು ತಲುಪಿವೆ!

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಜಗತ್ತೆಲ್ಲ ಯಾಕೆ ತಲೆ ಕೆಡಿಸಿಕೊಂಡಿತು ಅನ್ನೋದು ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬೆಳಕಿಗೆ ವೇಗ ಅಂತ ಒಂದು ಇದೆ ಅನ್ನೋದೇ ನಮಗೆ ತಿಳಿದದ್ದು ತಡವಾಗಿ. ತಿಳಿದದ್ದೂ ಒಂದು ಗಡಿಯಾರ 'ತಪ್ಪಿದ್ದರಿಂದ'. ಗುರು ಗ್ರಹಕ್ಕೆ ಅಯೊ ಅಂತ ಒಂದು ಚಂದ್ರ ಇದೆ. ಸುಮಾರು ನಲವತ್ತೆರಡೂವರೆ ಗಂಟೆಗೆ ಒಂದು ಸುತ್ತು. ಪ್ರತಿ ಸುತ್ತಿಗೂ ಗುರುವಿನ ನೆರಳಲ್ಲಿ ಮರೆಯಾಗಿ ಹೊರಗೆ ಬರುತ್ತದೆ. ಆಕಾಶದಲ್ಲೇ ನೇತು ಹಾಕಿದ ಗಡಿಯಾರ ಅನ್ನಿ. 1676ರಲ್ಲಿ ಪ್ಯಾರಿಸ್ ವೀಕ್ಷಣಾಲಯದಲ್ಲಿದ್ದ ಡೆನ್ಮಾರ್ಕಿನ ಓಲೆ ರೋಮರ್‌ಗೆ ಈ ಗಡಿಯಾರ ಭೂಮಿ ಗುರುವಿಗೆ ಹತ್ತಿರ ಇದ್ದಾಗ ಮುಂದೆ, ದೂರ ಹೋದಾಗ ಹಿಂದೆ ನಡೆಯುವುದು ಕಂಡಿತು. ನವೆಂಬರ್ 9ರಂದು ಅಯೊ ಹೊರಗೆ ಬರುವುದು ಹತ್ತು ನಿಮಿಷ ತಡವಾಗುತ್ತದೆ ಅಂತ ಮೊದಲೇ ಹೇಳಿಬಿಟ್ಟ. ಹಾಗೇ ಆಯಿತು. ಅಯೊ ತಡ ಮಾಡಿರಲಿಲ್ಲ, ಅದರ ಬೆಳಕು ನಮ್ಮ ತನಕ ಬರೋಕೆ ಹೊತ್ತು ಹಿಡಿದಿತ್ತು.

ವೀಕ್ಷಣಾಲಯದ ಹಿರಿಯ ಕ್ಯಾಸಿನಿ ಇದನ್ನು ಒಪ್ಪಲಿಲ್ಲ. ಗಡಿಯಾರದಲ್ಲೇ ಏನೋ ಇರಬೇಕು ಅನ್ನೋ ಅನುಮಾನ ಅವರದು. 1729ರ ಹೊತ್ತಿಗೆ ಇಂಗ್ಲೆಂಡಿನ ಜೇಮ್ಸ್ ಬ್ರಾಡ್ಲಿ ನಕ್ಷತ್ರಗಳ ಸ್ಥಾನ ವರ್ಷವಿಡೀ ಸ್ವಲ್ಪ ಸ್ವಲ್ಪ ಅಲುಗುವುದನ್ನು ಹಿಡಿದು, ಪೂರ್ತಿ ಬೇರೆ ದಾರಿಯಲ್ಲಿ ಬೆಳಕಿನ ವೇಗಕ್ಕೆ ಬಂದು ಮುಟ್ಟಿದ ಮೇಲೆ ವಾದ ಮುಗಿಯಿತು. ರೋಮರ್ ಆಗ ಬದುಕಿರಲಿಲ್ಲ.

ಮುಂದೆ ಅಳತೆ ಸೂಕ್ಷ್ಮವಾಗುತ್ತಾ ಹೋಯಿತು. 1849ರಲ್ಲಿ ಫ್ರಾನ್ಸಿನ ಫಿಜೊ ಹಲ್ಲಿನ ಚಕ್ರವೊಂದನ್ನು ತಿರುಗಿಸಿ, ಅದರ ಸಂದಿಯಿಂದ ಹೋದ ಬೆಳಕು ಎಂಟೂವರೆ ಕಿಲೋಮೀಟರ್ ಆಚೆಯ ಕನ್ನಡಿಗೆ ಬಡಿದು ವಾಪಸು ಬರೋದರೊಳಗೆ ಮುಂದಿನ ಹಲ್ಲು ಅಡ್ಡ ಬರುವಂತೆ ಮಾಡಿ ಭೂಮಿ ಮೇಲೇ ವೇಗ ಅಳೆದ. 1887ರಲ್ಲಿ ಅಮೆರಿಕದ ಮೈಕೆಲ್ಸನ್ ಮತ್ತು ಮಾರ್ಲಿ, ಭೂಮಿ ಓಡುವ ದಿಕ್ಕಿಗೂ ಅದಕ್ಕೆ ಅಡ್ಡ ದಿಕ್ಕಿಗೂ ಬೆಳಕಿನ ವೇಗದಲ್ಲಿ ವ್ಯತ್ಯಾಸ ಇರಲೇಬೇಕು ಅಂತ ಹುಡುಕಿ, ಏನೂ ಸಿಗದೆ ಬರಿಗೈಯಲ್ಲಿ ಬಂದರು. 1905ರಲ್ಲಿ ಐನ್‌ಸ್ಟೈನ್ ಆ ಬರಿಗೈಯನ್ನೇ ನಿಯಮ ಅಂತ ಹಿಡಿದ. ಯಾರೇ ಅಳೆಯಲಿ, ಎಷ್ಟೇ ಜೋರಾಗಿ ಓಡುತ್ತಾ ಅಳೆಯಲಿ, ನಿರ್ವಾತದಲ್ಲಿ ಬೆಳಕಿನ ವೇಗ ಒಂದೇ. 1983ರಿಂದ ನಾವು ಅದನ್ನು ಅಳೆಯೋದೇ ಬಿಟ್ಟಿದ್ದೇವೆ. ಸೆಕೆಂಡಿಗೆ 299,792,458 ಮೀಟರ್ ಅಂತ ಗೊತ್ತು ಮಾಡಿ, ಮೀಟರನ್ನೇ ಅದರಿಂದ ಅಳೆಯುತ್ತಿದ್ದೇವೆ.

ಇದರಿಂದ ಹೊರಟ ಮಾತು ಎರಡು. ಒಂದು, ತೂಕ ಇರೋ ಯಾವ ವಸ್ತುವನ್ನೂ ಬೆಳಕಿನ ವೇಗಕ್ಕೆ ತಳ್ಳೋಕೆ ಆಗಲ್ಲ. ತಳ್ಳಿದಷ್ಟೂ ಇನ್ನೂ ಹೆಚ್ಚು ಶಕ್ತಿ ಕೇಳುತ್ತದೆ, ಕೊನೆಗೆ ಅಳತೆಯಿಲ್ಲದಷ್ಟು. ಸರ್ನ್‌ನ 27 ಕಿಲೋಮೀಟರ್ ಸುತ್ತಿನ ಯಂತ್ರದಲ್ಲಿ ಪ್ರೋಟಾನುಗಳನ್ನು ಎಷ್ಟು ಓಡಿಸಿದರೂ ಅವು ಬೆಳಕಿಗಿಂತ ಸೆಕೆಂಡಿಗೆ ಸುಮಾರು 3 ಮೀಟರ್ ಹಿಂದೆಯೇ ಉಳಿಯುತ್ತವೆ. ನಾವು ಆರಾಮಾಗಿ ಸೈಕಲ್ ತುಳಿಯೋ ವೇಗ ಅದು. ಅಷ್ಟನ್ನು ತುಂಬೋಕೆ ಆಗಲ್ಲ. ಎರಡನೆಯದು ಇನ್ನೂ ವಿಚಿತ್ರ. ಬೆಳಕಿಗಿಂತ ವೇಗವಾಗಿ ಸುದ್ದಿ ಕಳಿಸೋಕೆ ಆಗೋದಾದರೆ, ಯಾರೋ ಒಬ್ಬ ನೋಡುಗನ ಪಾಲಿಗೆ ಉತ್ತರ ಮೊದಲು ಬಂದು ಪ್ರಶ್ನೆ ಆಮೇಲೆ ಹೊರಡುತ್ತದೆ. ಕಾರಣಕ್ಕಿಂತ ಮುಂಚೆ ಪರಿಣಾಮ. ಭೌತವಿಜ್ಞಾನಿಗಳಿಗೆ ನಿದ್ದೆ ಕೆಡಿಸೋದು ಇದೇ.

ಹಾಗಂತ ಯಾರೂ ಈ ಪ್ರಶ್ನೆಯನ್ನು ಮುಟ್ಟದೆ ಕೈಕಟ್ಟಿ ಕೂತಿರಲಿಲ್ಲ. 1934ರಲ್ಲಿ ರಷ್ಯಾದ ಚೆರೆಂಕೊವ್, ನೀರಿನೊಳಗೆ ಕೆಲವು ಕಣಗಳು ಹೋಗುವಾಗ ನೀಲಿ ಬೆಳಕು ಹೊಮ್ಮುವುದನ್ನು ಕಂಡ. ನೀರಿನಲ್ಲಿ ಬೆಳಕೇ ನಿಧಾನ, ಮುಕ್ಕಾಲು ವೇಗ ಅಷ್ಟೇ. ಆ ಕಣಗಳು ನೀರಿನೊಳಗಿನ ಬೆಳಕನ್ನು ಹಿಂದೆ ಹಾಕುತ್ತವೆ, ನಿರ್ವಾತದ ಬೆಳಕನ್ನಲ್ಲ. 1962ರಲ್ಲಿ ಕೇರಳದ ಇ.ಸಿ.ಜಿ. ಸುದರ್ಶನ್, ಬಿಲಾನಿಯುಕ್ ಮತ್ತು ದೇಶಪಾಂಡೆ ಜೊತೆ ಸೇರಿ ಒಂದು ಲೇಖನ ಬರೆದರು. ಬೆಳಕಿನ ವೇಗವನ್ನು ದಾಟೋಕೆ ಆಗಲ್ಲ ಸರಿ, ಆದರೆ ಹುಟ್ಟುವಾಗಲೇ ಆಚೆ ಕಡೆ ಹುಟ್ಟಿದವು ಇದ್ದರೆ? ಅವರದೇ ಒಂದು ಹೋಲಿಕೆ ಇದೆ. ಹಿಮಾಲಯ ಹತ್ತಿ ದಾಟೋರು ಯಾರೂ ಇಲ್ಲ, ಆದ್ದರಿಂದ ಆಚೆ ಜನರೇ ಇಲ್ಲ ಅನ್ನೋಕಾಗುತ್ತಾ? ಅವರು ಅಲ್ಲೇ ಹುಟ್ಟಿ ಅಲ್ಲೇ ಬದುಕಿದ್ದಾರೆ, ದಾಟಬೇಕಾಗಿಲ್ಲ. ಈ ಕಣಗಳಿಗೆ 1967ರಲ್ಲಿ ಜೆರಾಲ್ಡ್ ಫೈನ್‌ಬರ್ಗ್ ಟ್ಯಾಕಿಯಾನ್ ಅಂತ ಹೆಸರಿಟ್ಟ. ಹುಡುಕಾಟ ನಡೆದಿದೆ. ಇದುವರೆಗೆ ಒಂದೂ ಸಿಕ್ಕಿಲ್ಲ.

ಈಗ ನ್ಯೂಟ್ರಿನೊಗೆ ಬರೋಣ. ಇದರ ಮಾತು ಬಂದಾಗ ನನಗೆ ಒಂಚೂರು ಊರಭಿಮಾನ. ನಮ್ಮೂರು ಬಂಗಾರಪೇಟೆ ಕಡೆ. ನಮ್ಮ ತಾತ ಕೆಜಿಎಫ್‌ಗೆ ಹಾಲು ಹಾಕುತ್ತಿದ್ದರು. ಗಣಿಯಿಂದ ಬಂದ ಚಿನ್ನ ನಾವು ಕಂಡವರಲ್ಲ, ಕಂಡದ್ದು ದೂರದಿಂದ ಸೈನೈಡ್ ದಿಬ್ಬಗಳು ಮಾತ್ರ. ಆದರೆ ಅದೇ ಗಣಿಯಲ್ಲಿ, ನೆಲದಿಂದ ಸುಮಾರು 2,300 ಮೀಟರ್ ಕೆಳಗೆ, 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್‌ನವರ ಜೊತೆ ಸೇರಿ, ಆಕಾಶದಿಂದ ಬರುವ ಕಿರಣಗಳು ಗಾಳಿಗೆ ಬಡಿದಾಗ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ಹಿಡಿದರು. ಎಂ.ಜಿ.ಕೆ. ಮೆನನ್, ನಮ್ಮ ಮೈಸೂರು ಸೀಮೆಯವರೇ ಆದ ಬಿ.ವಿ. ಶ್ರೀಕಂಠನ್ ಆ ತಂಡದಲ್ಲಿದ್ದರು. ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲಿ ಇದೇ ಕೆಲಸ ಮಾಡುತ್ತಿದ್ದ ಫ್ರೆಡರಿಕ್ ರೈನ್ಸ್ ತಂಡದ ಲೇಖನಕ್ಕಿಂತ ಎರಡು ವಾರ ಮೊದಲು ಕೆಜಿಎಫ್ ಲೇಖನ ಅಚ್ಚಾಯಿತು.

ಅಷ್ಟು ಆಳಕ್ಕೆ ಯಾಕೆ ಹೋದರು ಅಂದರೆ, ಮಿಕ್ಕ ಕಣಗಳನ್ನೆಲ್ಲ ಮೇಲಿನ ಬಂಡೆ ತಡೆಯಲಿ ಅಂತ. ನ್ಯೂಟ್ರಿನೊಗೆ ಮಾತ್ರ ಬಂಡೆಯೂ ಒಂದೇ, ಬಯಲೂ ಒಂದೇ. ಇಡೀ ಭೂಮಿಯನ್ನೇ ತೂರಿಕೊಂಡು ಹೋಗುತ್ತದೆ.

ಈ ಗುಣವನ್ನು ನಂಬಿಕೊಂಡೇ ಒಪೆರಾ ಪ್ರಯೋಗ ಶುರುವಾದದ್ದು. ಸರ್ನ್‌ನಿಂದ ಹೊರಟ ನ್ಯೂಟ್ರಿನೊಗಳು ನೆಲದೊಳಗೇ ನೇರ ಸಾಗಿ 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸೊ ಬೆಟ್ಟದ ಅಡಿಯ ಪ್ರಯೋಗಾಲಯ ಸೇರಬೇಕು. ನಡುವೆ ಸುರಂಗ ಗಿರಂಗ ಏನೂ ಇಲ್ಲ, ಬರೀ ಬಂಡೆ. ಒಂದು ಜಾತಿಯ ನ್ಯೂಟ್ರಿನೊ ದಾರಿಯಲ್ಲಿ ಟೌ ಅನ್ನುವ ಇನ್ನೊಂದು ಜಾತಿಗೆ ಬದಲಾಗುತ್ತದಾ ಅಂತ ನೋಡೋದು ಅವರ ಅಸಲಿ ಕೆಲಸ. ವೇಗ ಅಳೆದದ್ದು ಪಕ್ಕದ ಕೆಲಸ.

ಪಕ್ಕದ ಕೆಲಸ ಅಂತ ಉದಾಸೀನ ಮಾಡಿದವರಲ್ಲ. ದೂರವನ್ನು 20 ಸೆಂಟಿಮೀಟರ್ ಒಳಗೆ ಅಳೆದಿದ್ದರು. 2009ರ ಏಪ್ರಿಲ್‌ನಲ್ಲಿ ಲಾಕ್ವಿಲಾ ಊರನ್ನು ಕೆಡವಿದ ಭೂಕಂಪಕ್ಕೆ ಬೆಟ್ಟದ ಪ್ರಯೋಗಾಲಯ 7 ಸೆಂಟಿಮೀಟರ್ ಜರುಗಿದ್ದೂ ಅವರ ಲೆಕ್ಕದಲ್ಲಿ ಕಾಣುತ್ತದೆ. ಎರಡೂ ಕಡೆಯ ಗಡಿಯಾರಗಳನ್ನು ಜಿಪಿಎಸ್ ಉಪಗ್ರಹಗಳ ಮೂಲಕ ಹೊಂದಿಸಿದ್ದರು. ಮೂರು ವರ್ಷ, 16 ಸಾವಿರ ನ್ಯೂಟ್ರಿನೊ. ಬೆಳಕಿಗೆ ಈ ದೂರ ಕ್ರಮಿಸೋಕೆ 2.4 ಮಿಲಿಸೆಕೆಂಡ್ ಬೇಕು. ನ್ಯೂಟ್ರಿನೊಗಳು ಅದಕ್ಕಿಂತ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ 60 ಭಾಗ ಮುಂಚೆ ಬರುತ್ತಿದ್ದವು. ದೂರದ ಲೆಕ್ಕದಲ್ಲಿ 18 ಮೀಟರ್ ಮುಂದೆ. ತಿಂಗಳುಗಟ್ಟಲೆ ಹುಡುಕಿದರೂ ತಪ್ಪು ಸಿಗಲಿಲ್ಲ. ಕೊನೆಗೆ, ನಾವು ಇದನ್ನು ವಿವರಿಸೋಕೆ ಹೋಗಲ್ಲ, ಎಲ್ಲಿ ತಪ್ಪಿದ್ದೇವೆ ನೀವೇ ನೋಡಿ ಅನ್ನೋ ಧಾಟಿಯಲ್ಲಿ ಎಲ್ಲವನ್ನೂ ಜಗತ್ತಿನ ಮುಂದೆ ಇಟ್ಟರು. ಹನ್ನೊಂದು ದೇಶದ ಸುಮಾರು 160 ಜನರ ತಂಡ ಅದು. ಕೆಲವರು ಸಹಿ ಹಾಕಲು ಒಪ್ಪಲಿಲ್ಲ.

ಅನುಮಾನ ಪಡೋರಿಗೆ ಕಾರಣವೂ ಇತ್ತು. 1987ರ ಫೆಬ್ರುವರಿ 23ರಂದು, 1,68,000 ಜ್ಯೋತಿರ್ವರ್ಷ ದೂರದಲ್ಲಿ ಸಿಡಿದ ನಕ್ಷತ್ರವೊಂದರ ಎರಡು ಡಜನ್‌ನಷ್ಟು ನ್ಯೂಟ್ರಿನೊಗಳು ಭೂಮಿಯಲ್ಲಿ ಸಿಕ್ಕಿದ್ದವು. ಬೆಳಕಿಗಿಂತ ಮೂರು ಗಂಟೆ ಮುಂಚೆ, ನಿಜ. ಆದರೆ ಅದು ಓಟದಲ್ಲಿ ಗೆದ್ದದ್ದಲ್ಲ. ನಕ್ಷತ್ರದ ಹೊಟ್ಟೆಯಿಂದ ಬೆಳಕು ಹೊರಬರೋಕೆ ಹೊತ್ತು ಹಿಡಿಯುತ್ತದೆ, ನ್ಯೂಟ್ರಿನೊಗೆ ಯಾರ ಅಡ್ಡಿಯೂ ಇಲ್ಲ. ಒಪೆರಾ ಲೆಕ್ಕ ಸರಿಯಿದ್ದರೆ ಅವು ನಾಲ್ಕು ವರ್ಷ ಮುಂಚೆ ಬರಬೇಕಿತ್ತು. ಕೋಹೆನ್ ಮತ್ತು ಗ್ಲಾಶೊ ಅನ್ನುವ ಇಬ್ಬರು ಇನ್ನೊಂದು ತಕರಾರು ತೆಗೆದರು. ಹಾಗೆ ಓಡಿದ ನ್ಯೂಟ್ರಿನೊ ದಾರಿಯುದ್ದಕ್ಕೂ ಶಕ್ತಿ ಚೆಲ್ಲಿಕೊಂಡು ಬರಬೇಕು, ಇವು ಚೆಲ್ಲಿಕೊಂಡಂತಿಲ್ಲವಲ್ಲ ಅಂತ. ಬ್ರಿಟನ್ನಿನ ಜಿಮ್ ಅಲ್ ಖಲೀಲಿ, ಇದು ನಿಜವಾದರೆ ಟಿವಿಯಲ್ಲಿ ಎಲ್ಲರೆದುರು ನನ್ನ ಚಡ್ಡಿ ತಿನ್ನುತ್ತೇನೆ ಅಂತ ಪಂದ್ಯ ಕಟ್ಟಿದರು! ನವೆಂಬರಿನಲ್ಲಿ ಒಪೆರಾ ತಂಡ ಬೇರೆ ರೀತಿಯ ಚಿಕ್ಕ ಚಿಕ್ಕ ಕಂತೆಗಳಲ್ಲಿ ಇಪ್ಪತ್ತು ನ್ಯೂಟ್ರಿನೊ ಹಿಡಿದು ಮತ್ತೆ ಅಳೆಯಿತು. ಮತ್ತೆ ಅದೇ ಉತ್ತರ.

ಅದೇ ನವೆಂಬರಿನಲ್ಲಿ ನಮ್ಮ ಆಫೀಸಿನಲ್ಲೂ ಬೆಳಕನ್ನು ಮೀರಿಸಿದ್ದು ಒಂದು ಕಾಣಿಸಿಕೊಂಡಿತು. ನಮ್ಮದು ಹಣ ಕಟ್ಟಿಸಿಕೊಂಡು ರಸೀದಿ ಕೊಡುವ ಸಾಫ್ಟ್‌ವೇರು. ಒಂದು ದಿನ ಲಾಗ್ ತೆಗೆದು ನೋಡಿದರೆ ಹಣ ಕಟ್ಟುವ ಮುಂಚೆಯೇ ರಸೀದಿ ಹುಟ್ಟಿದೆ. ಇಂಥ ರಸೀದಿ ಸುಳ್ಳು ಅಂತ ಸಿಸ್ಟಮ್ಮು ತಿರಸ್ಕರಿಸುತ್ತಿತ್ತು, ಗ್ರಾಹಕರು ಬೈಯುತ್ತಿದ್ದರು. ರಸೀದಿಯ ಕೋಡ್ ಬರೆದಿದ್ದವನು ನಮ್ಮ ಟೀಮಿಗೆ ಹೊಸದಾಗಿ ಸೇರಿದ್ದ ಹಾಸನದ ಕಡೆಯ ಹುಡುಗ. ಎರಡು ರಾತ್ರಿ ಮನೆಗೆ ಹೋಗದೆ ತನ್ನ ಕೋಡನ್ನು ಸಾಲು ಸಾಲಾಗಿ ತಡಕಿದ. ಮೂರನೇ ದಿನ ನನಗೆ ಹೊಳೆಯಿತು. ಎರಡು ಸರ್ವರುಗಳಲ್ಲಿ ಒಂದರ ಗಡಿಯಾರ ಹಿಂದೆ ಬಿದ್ದಿತ್ತು. ಸಮಯ ಹೊಂದಿಸುವ ಸರ್ವೀಸನ್ನು ಅದರಲ್ಲಿ ಯಾರೂ ಆನ್ ಮಾಡಿರಲಿಲ್ಲ. ಆ ಸರ್ವರು ಸೆಟಪ್ ಮಾಡಿದ್ದು ನಾನು.

ರಾತ್ರಿ ಯಾರಿಗೂ ಹೇಳದೆ ಆನ್ ಮಾಡಿದೆ. ಮಾರನೆ ದಿನ ಮೀಟಿಂಗಿನಲ್ಲಿ "ಸರ್ವರ್ ಕಡೆ ಏನೋ ಸಣ್ಣ ತೊಂದರೆ ಇತ್ತು, ಈಗ ಸರಿ ಹೋಗಿದೆ" ಅಂದೆ. ಯಾರ ತಪ್ಪು ಅಂತ ಯಾರೂ ಕೇಳಲಿಲ್ಲ. ವರದಿಯಲ್ಲಿ ಮಾತ್ರ ರಸೀದಿ ಕೋಡಿನ ದೋಷ ಅಂತಲೇ ಉಳಿಯಿತು. ನಾನು ತಿದ್ದಲಿಲ್ಲ.

2012ರ ಫೆಬ್ರುವರಿಯಲ್ಲಿ ಒಪೆರಾದ ಗುಟ್ಟು ಹೊರಬಿತ್ತು. ಓದಿ ನನಗೆ ಮುಖಕ್ಕೆ ಹೊಡೆದಂತಾಯಿತು. ಅಲ್ಲೂ ಗಡಿಯಾರವೇ! ಜಿಪಿಎಸ್ ಸಮಯ ಬೆಟ್ಟದ ಹೊರಗಿನಿಂದ ಒಳಗಿನ ಯಂತ್ರಕ್ಕೆ 8 ಕಿಲೋಮೀಟರಿಗೂ ಉದ್ದದ ಆಪ್ಟಿಕಲ್ ಫೈಬರಿನಲ್ಲಿ ಬರುತ್ತಿತ್ತು. ಆ ಕೇಬಲ್ಲಿನ ತುದಿಯ ಕನೆಕ್ಟರ್ ಪೂರ್ತಿ ಬಿಗಿಯಾಗಿರಲಿಲ್ಲ. ಸಡಿಲ ಇದ್ದರೆ ಸಂಕೇತ ನಿಂತು ಹೋಗಲ್ಲ, ಮಂಕಾಗುತ್ತದೆ. ಮಂಕು ಬೆಳಕು ಸಾಕಷ್ಟು ಶೇಖರವಾಗಿ ಈಚೆಯ ಯಂತ್ರ ಎಚ್ಚರ ಆಗೋಕೆ 73 ನ್ಯಾನೊಸೆಕೆಂಡಿನಷ್ಟು ತಡ. 'ಈಗ ಗಂಟೆ ಇಷ್ಟು' ಅನ್ನೋ ಮಾತೇ ತಡವಾಗಿ ಬಂದರೆ ಒಳಗಿನ ಗಡಿಯಾರ ಹಿಂದೆ, ಬಂದವರೆಲ್ಲ ಮುಂಚೆ ಬಂದಂತೆ ಲೆಕ್ಕ. ಇನ್ನೊಂದು ದೋಷ ಅದಕ್ಕೆ ಉಲ್ಟಾ ದಿಕ್ಕಿನಲ್ಲಿ, ಸುಮಾರು 15 ನ್ಯಾನೊಸೆಕೆಂಡ್. ಕಳೆದು ನೋಡಿ, ಎಷ್ಟು ಉಳಿಯಿತು?

ಕೇಬಲ್ಲಿನ ವಿಳಂಬವನ್ನು ಅವರು ಅಳೆದಿರಲಿಲ್ಲ ಅಂತಲ್ಲ. ವರ್ಷಗಳ ಹಿಂದೆ ಸರಿಯಾಗೇ ಅಳೆದು, ಆ ಸಂಖ್ಯೆಯನ್ನೇ ಬಳಸುತ್ತಾ ಬಂದಿದ್ದರು. ನಡುವೆ ಯಾವಾಗಲೋ ಕನೆಕ್ಟರ್ ಸಡಿಲವಾಗಿತ್ತು. ಯಾವಾಗ ಅನ್ನೋದನ್ನು ಹಿಡಿದುಕೊಟ್ಟದ್ದು ಪಕ್ಕದ ಕೋಣೆಯ ಎಲ್‌ವಿಡಿ ಅನ್ನುವ ಬೇರೆ ಪ್ರಯೋಗ. ಬಂಡೆ ತೆಳುವಾಗಿರುವ ಟೆರಾಮೊ ಊರಿನ ದಿಕ್ಕಿನಿಂದ ಅಪರೂಪಕ್ಕೆ ಮ್ಯೂಆನ್ ಕಣಗಳು ಅಡ್ಡಡ್ಡವಾಗಿ ಬಂದು ಎರಡೂ ಯಂತ್ರಗಳನ್ನು ತೂರಿ ಹೋಗುತ್ತವೆ. ವರ್ಷಗಳ ಕಾಲದ ಅಂಥ ಮುನ್ನೂರರಷ್ಟು ಕಣಗಳನ್ನು ಎರಡೂ ಕಡೆಯ ದಾಖಲೆಗಳಲ್ಲಿ ತಾಳೆ ನೋಡಿದಾಗ, 2008ರ ಮಧ್ಯದಿಂದ 2011ರ ಕೊನೆಯವರೆಗೆ ಒಪೆರಾದ ಗಡಿಯಾರ 73 ನ್ಯಾನೊಸೆಕೆಂಡ್ ತಪ್ಪಿದ್ದು ಸ್ಪಷ್ಟವಾಯಿತು.

ಮಾರ್ಚಿನಲ್ಲಿ ಅದೇ ಬೆಟ್ಟದ ಇಕಾರಸ್ ತಂಡ ನ್ಯೂಟ್ರಿನೊಗಳು ಬೆಳಕಿನ ವೇಗದಲ್ಲೇ ಬಂದಿವೆ ಅಂದಿತು. ಆ ತಿಂಗಳ ಕೊನೆಗೆ ಒಪೆರಾದ ಮುಖ್ಯಸ್ಥ ಆಂಟೋನಿಯೊ ಎರೆಡಿಟಾಟೊ ಮತ್ತು ಸಂಜೆ ಉಪನ್ಯಾಸ ಕೊಟ್ಟಿದ್ದ ಔಟಿಯೆರೊ ಇಬ್ಬರೂ ಹುದ್ದೆ ಬಿಟ್ಟರು. ಜೂನ್ 8ರಂದು ಕ್ಯೋಟೊದಲ್ಲಿ ನಡೆದ ಸಮ್ಮೇಳನದಲ್ಲಿ ನಾಲ್ಕು ಪ್ರಯೋಗಗಳ ಫಲಿತಾಂಶ ಒಟ್ಟಿಗೆ ಬಂತು. ಒಪೆರಾವೂ ಸೇರಿ ನಾಲ್ಕೂ ಒಂದೇ ಮಾತು ಹೇಳಿದವು. ಬೆಳಕನ್ನು ಯಾರೂ ಹಿಂದೆ ಹಾಕಿಲ್ಲ.

ಲೂಸ್ ಕನೆಕ್ಷನ್ ಅಂತ ಆಗ ಎಲ್ಲರೂ ನಕ್ಕರು. ನಮ್ಮ ಆಫೀಸಿನ ಕ್ಯಾಂಟೀನಿನಲ್ಲೂ ನಕ್ಕರು, ನಾನೂ ನಕ್ಕಂತೆ ಮಾಡಿದೆ. ಕೇಬಲ್ಲನ್ನು ಮೊದಲೇ ನೋಡಬೇಕಿತ್ತು ಅನ್ನೋ ಟೀಕೆ ನ್ಯಾಯವಾದದ್ದೇ. ಆದರೆ ಯೋಚಿಸಿ. ರೋಮರ್ ಕಾಲದಲ್ಲಿ ಗಡಿಯಾರ ತಪ್ಪಿದಂತೆ ಕಂಡಾಗ ಗಡಿಯಾರ ಸರಿಯಿತ್ತು, ತಿಳಿವಳಿಕೆ ಹೊಸದಾಗಬೇಕಿತ್ತು. ಒಪೆರಾದಲ್ಲಿ ತಿಳಿವಳಿಕೆ ಸರಿಯಿತ್ತು, ಗಡಿಯಾರ ತಪ್ಪಿತ್ತು. ಒಳಗೆ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತದೆ. ರೋಮರ್ ತನ್ನ ಲೆಕ್ಕವನ್ನು ಮೊದಲೇ ಬಹಿರಂಗ ಮಾಡಿದ್ದಕ್ಕೆ ಉಳಿದವರು ದುರ್ಬೀನು ಹಿಡಿದು ಕಾದರು. ಒಪೆರಾದವರು ಬಹಿರಂಗ ಮಾಡಿದ್ದಕ್ಕೇ ಪಕ್ಕದ ಕೋಣೆಯವರು ಹಳೇ ದಾಖಲೆ ತೆಗೆದರು. ಮುಚ್ಚಿಟ್ಟಿದ್ದರೆ ಅವಮಾನ ತಪ್ಪುತ್ತಿತ್ತು, ಕೇಬಲ್ಲು ಸಡಿಲವಾಗೇ ಇರುತ್ತಿತ್ತೇನೋ. ಅದೇ ತಂಡ ಮುಂದೆ 2015ರಲ್ಲಿ ಐದನೇ ಟೌ ನ್ಯೂಟ್ರಿನೊ ಹಿಡಿದು ತನ್ನ ಅಸಲಿ ಕೆಲಸ ಮುಗಿಸಿತು. ಅದು ಪೇಪರುಗಳಲ್ಲಿ ಅಷ್ಟಾಗಿ ಬರಲಿಲ್ಲ.

ಹಾಗಾದರೆ ಬೆಳಕಿಗಿಂತ ವೇಗವಾದದ್ದು ಇದೆಯಾ? ಇದುವರೆಗೆ ನೋಡಿದ ಯಾವ ಕಣವೂ ಅಲ್ಲ, ಯಾವ ಸುದ್ದಿಯೂ ಅಲ್ಲ. ಇಷ್ಟನ್ನು ಇಷ್ಟು ಧೈರ್ಯದಿಂದ ಹೇಳೋಕೆ ಆಗೋದು, ಹೌದೇನೋ ಅನ್ನಿಸಿದಾಗ ಹೆದರದೆ ಅಳೆದು ತೋರಿಸಿದವರು ಇದ್ದದ್ದರಿಂದ.

ಆ ಹಾಸನದ ಹುಡುಗ ಮುಂದಿನ ವರ್ಷ ಕಂಪನಿ ಬಿಟ್ಟ. ಆರೇಳು ವರ್ಷ ಆದ ಮೇಲೆ ಒಬ್ಬ ಗೆಳೆಯನ ಮದುವೆಯಲ್ಲಿ ಸಿಕ್ಕಿದ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿದ್ದೆವು. ಒಪೆರಾದ ಕತೆ ಹೇಳಿ, ಆಮೇಲೆ ನಮ್ಮ ಸರ್ವರಿನ ಕತೆಯನ್ನೂ ಹೇಳಿದೆ. ಅವನು ಎಲೆ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಆ ವರ್ಷ ನನಗೆ ರೇಟಿಂಗ್ ಕಮ್ಮಿ ಬಂದಿತ್ತಣ್ಣ" ಅಂದ. "ನಾನು ನನ್ನ ಕೋಡೇ ಸರಿಯಿಲ್ಲ ಅಂದ್ಕೊಂಡಿದ್ದೆ. ಈಗಲೂ ಟೈಮಿಂದು ಏನಾದರೂ ಬಂದರೆ ಮೊದಲು ನನ್ನ ಕೋಡನ್ನೇ ಅನುಮಾನಿಸ್ತೀನಿ."

ಬಡಿಸೋರು ಬಂದು ಅನ್ನ ಹಾಕಿದರು. ಸಾರಿ ಅಂದೆ. ಪರವಾಗಿಲ್ಲ ಬಿಡಣ್ಣ ಅಂದ. ಪರವಾಗಿಲ್ಲ ಅನ್ನೋ ಹಾಗೆ ಇರಲಿಲ್ಲ ಅವನ ಮುಖ.